ಚನ್ನಪ್ಪನ ಅಂಗಡಿಯಲ್ಲಿ ಬಿದ್ದ ಇಲಿ

ಹೋದ ತಿಂಗಳು ನಮ್ಮ ಮನೆಯಲ್ಲಿ ಜೋಳದ ಚೀಲಗಳ ಹಿಂದೆ ಒಂದು ಇಲಿ ಸತ್ತು ನಾರತೊಡಗಿತು. ಸೊಸೆ ಮೂಗಿಗೆ ಸೆರಗು ಹಿಡಿದುಕೊಂಡು, ಕಸಬರಿಗೆಯಿಂದ ಅದನ್ನು ಹಳೆಯ ಮೊರಕ್ಕೆ ಎಳೆದುಕೊಂಡು, ತಿಪ್ಪೆಗೆ ಎಸೆದು ಬಂದಳು. ಅವಳಿಗೆ ಅದು ಎರಡು ನಿಮಿಷದ ಕೆಲಸ. ನಾನು ಮಾತ್ರ ಹೊರಗೆ ಬಂದು ಕಟ್ಟೆಯ ಮೇಲೆ ಕೂತವನು ಹೊತ್ತು ಮುಳುಗುವ ತನಕ ಒಳಗೆ ಹೋಗಲಿಲ್ಲ.

"ಯಾಕ್ರೀ ಮಾವಾರ, ಒಂದು ಇಲಿಗೆ ಇಷ್ಟ ಹೆದರಿದ್ರಿ?" ಎಂದು ಅವಳು ನಕ್ಕಳು.

ನಾನೂ ನಕ್ಕೆ. ಆದರೆ ನನ್ನ ಬಲಗೈ ನನಗೆ ತಿಳಿಯದಂತೆ ಎಡಬಗಲಿಗೆ ಹೋಗಿ ಅಲ್ಲಿ ಗಂಟೇನಾದರೂ ಇದೆಯೇ ಎಂದು ತಡಕುತ್ತಿತ್ತು. ಆ ಚಳಿಗಾಲ ಕಳೆದು ಎಷ್ಟೋ ವರ್ಷಗಳಾದವು. ಕೈ ಮರೆತಿಲ್ಲ.

ನಾನು ಕುಷ್ಟಗಿಗೆ ಮಾಸ್ತರನಾಗಿ ಹೋದದ್ದು ಆಚೆ ದೊಡ್ಡ ಲಡಾಯಿ ನಡೆಯುತ್ತಿದ್ದ ಕಾಲದಲ್ಲಿ. ನಮ್ಮದು ನಿಜಾಮರ ರಾಜ್ಯ. ಕಚೇರಿಯ ಕಾಗದವೆಲ್ಲ ಉರ್ದುವಿನಲ್ಲಿ. ಸಣ್ಣ ತರಗತಿಯ ಮಕ್ಕಳಿಗೆ ಕನ್ನಡ ಅಕ್ಷರ ತಿದ್ದಿಸುವುದು ನನ್ನ ಕೆಲಸ. ಇರಕಲ್ಲಗಡದ ಒಕ್ಕಲುತನದ ಮನೆಯಿಂದ ಬಂದ ನನಗೆ ಅದು ಸಣ್ಣ ಸಂಗತಿಯಾಗಿರಲಿಲ್ಲ. ನಮ್ಮ ಮನೆತನದಲ್ಲಿ ನೌಕರಿ ಹಿಡಿದವನು ನಾನೇ ಮೊದಲಿಗ. ಅಪ್ಪ ಹೊಲದಲ್ಲಿ ಯಾರೇ ಎದುರಾದರೂ "ನಮ್ಮ ಹುಡುಗ ಸರಕಾರದಾಗ ಅದಾನ" ಎಂದು ಹೇಳಿಯೇ ಮುಂದಿನ ಮಾತು ಆಡುತ್ತಿದ್ದ.

ಆ ವರ್ಷ ದೀಪಾವಳಿ ಮುಗಿದ ಮೇಲೆ ನನ್ನ ಹೆಂಡತಿ ಶಾಂತವ್ವ ಎರಡನೆಯ ಬಾಣಂತನಕ್ಕೆಂದು ತವರುಮನೆ ಹುಲಿಹೈದರಕ್ಕೆ ಹೋದಳು. ಮಗಳು ನೀಲವ್ವನಿಗೆ ಆಗ ಆರು ವರ್ಷ. ತಾಯಿಯ ಜೊತೆ ಹೋಗೆಂದರೆ ಬಂಡಿ ಹೂಡುವಾಗ ನನ್ನ ಕೊರಳು ಹಿಡಿದುಕೊಂಡವಳು ಬಿಡಲೇ ಇಲ್ಲ. ಅಕ್ಷರ ಕಲಿಯುತ್ತಿದ್ದಳು, ನಿಲ್ಲಿಸುವುದು ನನಗೂ ಬೇಡವಾಗಿತ್ತು. ಹೀಗಾಗಿ ಬಾಡಿಗೆಯ ಆ ಒಂದಂಕಣದ ಮನೆಯಲ್ಲಿ ನಾನು ಮತ್ತು ಅವಳು ಇಬ್ಬರೇ ಉಳಿದೆವು. ಬೆಳಿಗ್ಗೆ ನಾನೇ ರೊಟ್ಟಿ ಬಡಿಯುತ್ತಿದ್ದೆ. ಅವು ಯಾವ ಆಕಾರಕ್ಕೆ ಬಂದರೂ ಅವಳು ತಿನ್ನುತ್ತಿದ್ದಳು. ಮಧ್ಯಾಹ್ನ ಸಾಲೆ ಬಿಟ್ಟೊಡನೆ ಮಾತ್ರ ನನ್ನ ಬೆರಳು ಹಿಡಿದು ಜಗ್ಗುತ್ತಿದ್ದಳು:

"ಯಪ್ಪಾ, ಚಾಕ್ಕ ಹೋಗೂಣು ನಡಿ."

ಚನ್ನಪ್ಪನ ಚಾದಂಗಡಿ ಕಚೇರಿಗೆ ಹೋಗುವ ದಾರಿಯಲ್ಲಿತ್ತು. ಮುಂದೆ ತಟ್ಟಿಯ ಚಪ್ಪರ, ಕೂರಲು ಮರದ ಎರಡು ಬಾಕು, ಒಂದು ಮಣ್ಣಿನ ಒಲೆ. ಹಿಂದಿನ ಅಂಕಣದಲ್ಲೇ ಅವನ ಸಂಸಾರ. ಆಗ ಹೆಂಗಸರು, ಮಕ್ಕಳು ಹೋಟೆಲಿಗೆ ಬರುವ ರೂಢಿ ಇರಲಿಲ್ಲ. ಮೊದಲ ದಿನ ಬಾಕಿನ ಮೇಲಿದ್ದವರೆಲ್ಲ ನೀಲವ್ವನನ್ನು ನೋಡಿ ಸರಿದು ಜಾಗ ಬಿಟ್ಟರು. ಆಮೇಲೆ ಅವಳು ಬರದಿದ್ದರೆ ಯಾಕೆ ಬರಲಿಲ್ಲ ಎಂದು ಕೇಳತೊಡಗಿದರು. ಲಡಾಯಿಯ ದೆಸೆಯಿಂದ ಸಕ್ಕರೆ ಸಿಗುತ್ತಿರಲಿಲ್ಲ, ಚನ್ನಪ್ಪ ಬೆಲ್ಲ ಹಾಕಿ ಕುದಿಸುತ್ತಿದ್ದ. ನನ್ನ ಕಪ್ಪಿನಿಂದ ಬಸಿಗೆ ಅರ್ಧ ಚಹಾ ಹುಯ್ದು, ಅದರ ಮೇಲೆ ಅವನೇ ಒಂದಿಷ್ಟು ಹಾಲು ಹಾಕಿ ಅವಳಿಗೆ ಕೊಡುತ್ತಿದ್ದ. ಅವಳು ಎರಡೂ ಕೈಯಿಂದ ಬಸಿ ಹಿಡಿದು, ಕಣ್ಣು ಮುಚ್ಚಿಕೊಂಡು ಊದಿ ಊದಿ ಕುಡಿಯುವಾಗ ಬಾಕಿನ ಕೆಳಗೆ ಅವಳ ಕಾಲು ತೂಗಾಡುತ್ತಿದ್ದವು. ಹಗಲಿನಲ್ಲಿ ನನ್ನ ಮನಸ್ಸು ಹಗುರವಾಗುತ್ತಿದ್ದದ್ದು ಅದೊಂದೇ ಗಳಿಗೆ.

ಚನ್ನಪ್ಪನಿಗೆ ಒಬ್ಬಳೇ ಮಗಳು, ಪಾರವ್ವ. ಅವಳ ಮದುವೆ ಎರಡು ಸಲ ಗೊತ್ತಾಗಿ ಎರಡು ಸಲವೂ ತಪ್ಪಿತ್ತು. ಒಮ್ಮೆ ಗಂಡಿನ ಅಜ್ಜ ತೀರಿಕೊಂಡ, ಇನ್ನೊಮ್ಮೆ ಆ ಕಡೆಯವರೇ ಮಾತು ಮುರಿದರು. ಜನ ಹುಡುಗಿಯ ಕಾಲ್ಗುಣದ ಮಾತು ಆಡತೊಡಗಿದ್ದರು. ಈಗ ಮೂರನೆಯ ಸಲ, ಗಜೇಂದ್ರಗಡದ ಕಡೆಯ ಸಂಬಂಧ ಕೂಡಿ ಬಂದಿತ್ತು. ಶುಕ್ರವಾರ ಮದುವೆಯ ಅಕ್ಕಿಕಾಳು.

ಅದೇ ವಾರದ ಸೋಮವಾರ ನಾವು ಎಂದಿನಂತೆ ಹೋಗಿ ಕೂತೆವು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಚನ್ನಪ್ಪ ನನ್ನ ಕೈಗೆ ಕಪ್ಪು ಕೊಟ್ಟ. ಆಗ ಒಲೆಯ ಹಿಂದಿನ ಗೋಡೆಯ ಬುಡದಿಂದ ಒಂದು ಇಲಿ ಹೊರಗೆ ಬಂತು. ಓಡಲಿಲ್ಲ. ಹೆಂಡ ಕುಡಿದವರ ಹಾಗೆ ತೂರಾಡುತ್ತ ನಡೆದು ಅಂಗಡಿಯ ನಡುವೆ ಬಂತು. ನಿಂತಲ್ಲೇ ಒಂದು ಸುತ್ತು, ಎರಡು ಸುತ್ತು ತಿರುಗಿತು. ನೀಲವ್ವನ ಕಾಲ ಕೆಳಗೆ ಬಂದು ಬಿದ್ದು, ಕಾಲು ಚಾಚಿತು. ಬಾಯಿಂದ ಒಂದು ಹನಿ ರಕ್ತ ಬಂದಿತ್ತು.

ನಾನು ಕೂತಲ್ಲೇ ಕಲ್ಲಾದೆ. ನೀಲವ್ವ ಬಸಿಯನ್ನು ಪಕ್ಕಕ್ಕಿಟ್ಟು, ಬಾಕಿನಿಂದ ಇಳಿದು, ಅದರ ಬಾಲ ಹಿಡಿದು ಎತ್ತಿದಳು.

"ಯಪ್ಪಾ, ಇದಕ್ಕ ನಿದ್ದಿ ಬಂದೈತಿ ನೋಡು."

ನಾನು ಅವಳ ಕೈಗೆ ಹೊಡೆದು ಇಲಿಯನ್ನು ಬೀಳಿಸಿದೆ. ಅವಳನ್ನು ಎತ್ತಿಕೊಂಡು ಹೊರಗೆ ಬಂದು, ಒಲೆಯ ಬೂದಿಯಿಂದ ಅವಳ ಕೈಯನ್ನು ಚರ್ಮ ಕೆಂಪಾಗುವ ತನಕ ತಿಕ್ಕಿದೆ. ಇಲಿ ತಾನಾಗಿ ಬಿದ್ದರೆ ಪ್ಲೇಗು ಬಂತೆಂದೇ ಅರ್ಥ ಎಂಬುದು ನಮ್ಮ ಕಡೆ ಹಾಲು ಕುಡಿಯುವ ಮಕ್ಕಳನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ಸತ್ತ ಇಲಿಯ ಮೈಮೇಲಿನ ಚಿಗಟಗಳು ಮನುಷ್ಯರಿಗೆ ಹಾರುತ್ತವೆ ಎಂದು ಹಿಂದಿನ ವರ್ಷ ನಾನೇ ಮಕ್ಕಳಿಗೆ ಪಾಠ ಹೇಳಿದ್ದೆ. ನನ್ನ ಸಣ್ಣಂದಿನಲ್ಲಿ ಇರಕಲ್ಲಗಡದಲ್ಲಿ ಈ ಬೇನೆ ಬಂದಾಗ ನನ್ನ ಇಬ್ಬರು ಸೋದರತ್ತೆಯರು ಒಂದೇ ದಿನ ಹೋದದ್ದನ್ನು ಕಣ್ಣಾರೆ ಕಂಡಿದ್ದೆ.

ಚನ್ನಪ್ಪ ಇಲಿಯನ್ನು ಒಲೆಗೆ ಹಾಕಿದ. ಆಮೇಲೆ ಹೊರಗೆ ಬಂದು ನನ್ನ ಎರಡೂ ಕಾಲು ಹಿಡಿದುಕೊಂಡ. ಅವನು ನನಗಿಂತ ಇಪ್ಪತ್ತು ವರ್ಷ ದೊಡ್ಡವನು.

"ಮಾಸ್ತರ್ರ, ಶುಕ್ರವಾರದ ತನಕ ಬಾಯಿ ಬಿಡಬ್ಯಾಡ್ರಿ. ಇಲಿ ಬಿತ್ತು ಅಂದ್ರ ನಾಳೆ ಊರ ಖಾಲಿ ಆಕ್ಕೈತಿ. ಗಂಡಿನವರು ಸೀಮಿಗೂ ಕಾಲಿಡಂಗಿಲ್ಲ. ಮೂರನೇ ಸಲ ತಪ್ಪಿದ್ರ ನನ್ನ ಮಗಳನ್ನ ಯಾರೂ ಮಾಡ್ಕೊಳ್ಳಂಗಿಲ್ರಿ. ಭಾವಿ ಪಾಲಾಗ್ತಾಳ."

"ಚನ್ನಪ್ಪ, ಇದು ನಮ್ಮಿಬ್ಬರ ಮಾತಲ್ಲೋ. ಊರಿನ ಮಾತು."

"ನಾಕ ದಿನಾ. ನಾಕ ದಿನಾ ಅಷ್ಟರಿ. ಒಂದ ಇಲಿ. ಬೆಕ್ಕು ಕಡದು ಬಿಟ್ಟಿದ್ದೀತು. ಯಾರು ಕಂಡಾರ?"

ಬೆಕ್ಕು ಕಡಿದಿರಬಹುದು. ಆ ಮಾತನ್ನು ನಾನು ಮುಳುಗುವವನು ಹಗ್ಗ ಹಿಡಿಯುವಂತೆ ಹಿಡಿದುಕೊಂಡೆ. ಊರು ಬಿಟ್ಟರೆ ನಾನಾದರೂ ಈ ಕೂಸನ್ನು ಕಟ್ಟಿಕೊಂಡು ಎಲ್ಲಿ ಹೋಗಲಿ? ರಜೆ ಕೇಳದೆ ಊರು ಬಿಡುವಂತಿಲ್ಲ, ಹೊಸ ನೌಕರಿ. ಹುಲಿಹೈದರದಲ್ಲಿ ತುಂಬಿದ ಬಸುರಿ, ಬೇನೆಯ ಊರಿನಿಂದ ಅಲ್ಲಿಗೆ ಹೇಗೆ ಹೋಗುವುದು? ಹೀಗೆಲ್ಲ ಲೆಕ್ಕ ಹಾಕಿದೆ. ಕೊನೆಗೆ "ಆಗಲಿ" ಎಂದೆ. ಮನೆಗೆ ಹೋಗುವಾಗ ದಾರಿಯಲ್ಲಿ ನೀಲವ್ವನಿಗೆ ಹೇಳಿದೆ:

"ಇಲಿ ಬಿದ್ದದ್ದು ಯಾರ ಮುಂದೂ ಹೇಳಬಾರದು."

"ಯಾಕ?"

"ಪಾರಕ್ಕನ ಮದುವಿ ಐತಿ."

ಇಲಿಗೂ ಮದುವೆಗೂ ಏನು ಸಂಬಂಧ ಎಂದು ಅವಳು ಬಹಳ ಹೊತ್ತು ಯೋಚಿಸಿರಬೇಕು. ಮತ್ತೆ ಕೇಳಲಿಲ್ಲ.

ಅಂದಿನಿಂದ ನನ್ನ ಹಗಲುಗಳು ಹೇಗಿದ್ದವೆಂದು ಬರೆಯುವುದು ಕಷ್ಟ. ಬೆಳಿಗ್ಗೆ ಅವಳಿಗೆ ನೀರು ಎರೆಯುವಾಗ ಎರಡು ಬಗಲು, ಕೊರಳು, ತೊಡೆಯ ಸಂದಿ ತಡವಿ ನೋಡುತ್ತಿದ್ದೆ. ಕಚಗುಳಿ ಇಡುತ್ತಿದ್ದೇನೆಂದು ಅವಳು ನಗುತ್ತಿದ್ದಳು. ಸಾಲೆಯಲ್ಲಿ ಪಾಠದ ನಡುವೆ ಎದ್ದು ಹೋಗಿ ಅವಳ ಹಣೆ ಮುಟ್ಟುತ್ತಿದ್ದೆ. ಮೈ ಮುಟ್ಟಿದ ಬೇನೆ ಎಂಟು ದಿನದೊಳಗೆ ಏಳುತ್ತದೆ, ಎಂಟು ದಾಟಿದರೆ ಗೆದ್ದಂತೆ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಒಂದಾಯಿತು, ಎರಡಾಯಿತು ಎಂದು ದಿನ ಎಣಿಸುತ್ತಿದ್ದೆ. ಇಷ್ಟಾದರೂ ಮಧ್ಯಾಹ್ನದ ಚಹಾ ಬಿಡಲಿಲ್ಲ. ಬಿಟ್ಟರೆ ಜನಕ್ಕೆ ಸಂಶಯ ಬಂದೀತೆಂಬ ಹೆದರಿಕೆ. ನೀಲವ್ವನನ್ನು ಬಾಕಿನ ಮೇಲೆ ಕೂರಿಸಿ ಕಾಲು ಕೆಳಗೆ ಬಿಡಗೊಡದೆ ಮಡಚಿಸುತ್ತಿದ್ದೆ. ನನ್ನ ಕಣ್ಣು ಆ ಗೋಡೆಯ ಬುಡದ ಮೇಲೆಯೇ. ಚಹಾದ ರುಚಿ ನಾಲಗೆಗೆ ಹತ್ತುತ್ತಿರಲಿಲ್ಲ.

ಬುಧವಾರ ಅದು ನಡೆಯಿತು.

ಚನ್ನಪ್ಪನ ಅಂಗಡಿಯಿಂದ ಎರಡು ಮನೆ ಆಚೆ ದ್ಯಾವಪ್ಪ ಎಂಬ ಕಂಬಳಿ ನೇಯುವ ಮುದುಕನಿದ್ದ. ಅವನ ಹೆಂಡತಿ ಹನುಮವ್ವ. ಮಕ್ಕಳಿಲ್ಲದ ದಂಪತಿ. ಸಾಲೆ ಬಿಡುವ ಮೊದಲೇ ನೀಲವ್ವ ಒಮ್ಮೊಮ್ಮೆ ಅವರ ಮನೆಗೆ ಓಡುತ್ತಿದ್ದಳು. ಹನುಮವ್ವ ಅವಳ ಉಡಿಗೆ ಚುರುಮುರಿ ಹಾಕಿ, ಉಣ್ಣೆ ಹಿಂಜುತ್ತ ಮಾತಾಡಿಸುತ್ತಿದ್ದಳು. ಆ ದಿನ ನಾನು ಒಬ್ಬನೇ ಅಂಗಡಿಗೆ ಬಂದು ಕೂತಿದ್ದೆ. ಇನ್ನೂ ನಾಲ್ಕೈದು ಜನ ಇದ್ದರು. ದ್ಯಾವಪ್ಪ ನೀಲವ್ವನ ಕೈ ಹಿಡಿದುಕೊಂಡು ಬಂದ.

"ಮಾಸ್ತರ್ರ, ಒಂದು ಮಾತು ಕೇಳಬೇಕ್ರಿ," ಎಂದ. "ನಮ್ಮಾಕಿ ಮೂಲ್ಯಾಗಿನ ಉಣ್ಣಿ ಚೀಲಕ್ಕ ಕೈ ಹಾಕಾಕ ಹೋಗಿದ್ಳು. ಈ ಕೂಸು ಓಡಿ ಬಂದು ಕೈ ಹಿಡಕೊಂತು. 'ಆಯಿ, ಅಲ್ಲಿ ಕೈ ಹಾಕಬ್ಯಾಡ, ಇಲಿ ಇದ್ದೀತು, ಚನ್ನಪ್ಪಕಾಕಾನ ಅಂಗಡ್ಯಾಗ ತಿರಿಗಿ ತಿರಿಗಿ ಬಿತ್ತು' ಅಂತು. ಖರೇ ಏನ್ರಿ?"

ಅಂಗಡಿಯಲ್ಲಿ ಬಸಿಯ ಸದ್ದೂ ನಿಂತಿತು. ಯಾರೂ ಚನ್ನಪ್ಪನನ್ನು ನೋಡಲಿಲ್ಲ, ಎಲ್ಲರೂ ನನ್ನನ್ನು ನೋಡಿದರು. ಮಾಸ್ತರನ ಮಾತಿಗೆ ಆಗ ಅಷ್ಟು ಬೆಲೆ ಇತ್ತು. ಹಿಂದಿನ ಅಂಕಣದಲ್ಲಿ ಹೆಂಗಸರು ಶಾವಿಗೆ ಹೊಸೆಯುತ್ತ ಹಾಡುತ್ತಿದ್ದರು. ಚನ್ನಪ್ಪನ ಮುಖ ಒಲೆಯ ಬೂದಿಯ ಬಣ್ಣಕ್ಕೆ ತಿರುಗಿತ್ತು.

"ಇಲ್ಲ," ಎಂದೆ. "ಯಾವ ಇಲೀನೂ ಬಿದ್ದಿಲ್ಲ. ಈ ಹುಡುಗಿ ಸುಳ್ಳ ಹೇಳ್ತೈತಿ."

"ಬಿದ್ದಿತ್ತಲ್ಲ ಯಪ್ಪಾ," ಎಂದಳು ನೀಲವ್ವ. ನನಗೆ ಮರೆತಿದೆ ಎಂದುಕೊಂಡು ನೆನಪು ಮಾಡಿಕೊಡುವವಳಂತೆ ಹೇಳಿದಳು. "ನಾ ಬಾಲ ಹಿಡದಿದ್ದೆ, ನೀ ನನ್ನ ಕೈಗೆ..."

ನಾನು ಅವಳ ಕೆನ್ನೆಗೆ ಹೊಡೆದೆ. ಅದುವರೆಗೆ ಅವಳಿಗೆ ಹಾಗೆ ಹೊಡೆದವನಲ್ಲ. ನಾಲ್ಕು ಬೆರಳು ಮೂಡಿದವು. ಅವಳು ಅಳಲಿಲ್ಲ. ಬಾಯಿ ತೆರೆದುಕೊಂಡು ನನ್ನ ಮುಖವನ್ನೇ ನೋಡಿದಳು.

"ಹೊಡೀಬ್ಯಾಡ್ರಿ, ಹೊಡೀಬ್ಯಾಡ್ರಿ, ಸಣ್ಣ ಕೂಸು," ಎಂದು ದ್ಯಾವಪ್ಪ ಅಡ್ಡ ಬಂದ. "ನೀವು ಇಲ್ಲ ಅಂದ್ರ ಆತು ಬಿಡ್ರಿ. ಇವತ್ತ ಗಂಟು ಕಟ್ಟಿ ಹೊಲಕ್ಕ ಹೋಗಬೇಕಂತ ಮಾಡಿದ್ವಿ. ಮಾಸ್ತರ ಹೇಳಿದ ಮ್ಯಾಲೆ ಇನ್ನೇನು?"

ಅವನು ನಿಶ್ಚಿಂತೆಯಿಂದ ಬಾಕಿನ ಮೇಲೆ ಕೂತು ಒಂದು ಬಸಿ ಚಹಾ ಕುಡಿದು ಹೋದ.

ಗುರುವಾರ ಬೆಳಿಗ್ಗೆ ಒಂದೇ ಓಣಿಯ, ಕಾಳು ತುಂಬುವ ಹಗೇವುಗಳ ಬಳಿ ಇಲಿಗಳು ಬಿದ್ದವು. ಬೇಳೆ ಬೇಯುವ ಹೊತ್ತಿಗೆ ಕಚೇರಿಯ ಹಿಂದೆ ಬಿದ್ದವು, ಗುಡಿಯ ಹಿಂದೆ ಬಿದ್ದವು. ಮಧ್ಯಾಹ್ನ ಊರು ಬಿಡಿ ಎಂದು ಡಂಗುರವಾಯಿತು. ಅದೇ ಹೊತ್ತಿಗೆ ಹನುಮವ್ವನಿಗೆ ಚಳಿಜ್ವರ ಬಂದು ಮಲಗಿದ್ದಾಳೆಂದು ಯಾರೋ ಅಂದದ್ದು ಕೇಳಿಸಿತು. ನಾನು ಕೇಳಿಸದವನಂತೆ ಹಾಸಿಗೆ ಸುತ್ತತೊಡಗಿದೆ.

ಶುಕ್ರವಾರ, ಅಕ್ಕಿಕಾಳು ಬೀಳಬೇಕಾದ ದಿನ, ಇಡೀ ಊರು ಬಂಡಿಗಳ ಮೇಲೆ ಹೊರಬಿತ್ತು. ಗಂಡಿನವರು ದಾರಿಯಲ್ಲೇ ಸುದ್ದಿ ಕೇಳಿ ಬಂಡಿ ತಿರುಗಿಸಿದರಂತೆ. ಅರಿಷಿಣ ಹಚ್ಚಿದ ಕೈಯಲ್ಲೇ ಪಾರವ್ವ ತಲೆಯ ಮೇಲೆ ಸಿಂಬಿ ಇಟ್ಟು ಕೊಡ ಹೊತ್ತು ತಂದೆಯ ಹಿಂದೆ ನಡೆದು ಹೋದಳು. ಚನ್ನಪ್ಪ ನನ್ನ ಮುಂದೆ ಹಾದು ಹೋದಾಗ ಕತ್ತೆತ್ತಲಿಲ್ಲ. ನಾನೂ ಎತ್ತಲಿಲ್ಲ. ಯಾವ ಮದುವೆಗಾಗಿ ನಾವಿಬ್ಬರೂ ಬಾಯಿ ಮುಚ್ಚಿದೆವೋ ಆ ಮದುವೆ ಆಗಲಿಲ್ಲ.

ಊರ ಹೊರಗೆ ಕಟಾವಾದ ಹೊಲಗಳಲ್ಲಿ ಜೋಳದ ದಂಟಿನ ಗುಡಿಸಲುಗಳೆದ್ದವು. ಸಾಲೆಯ ಒಬ್ಬ ಹುಡುಗನ ತಂದೆ ನನಗೂ ಒಂದು ಕಟ್ಟಿಕೊಟ್ಟ. ಹಗಲು ಬಿಸಿಲು ಹಿತವಾಗಿರುತ್ತಿತ್ತು, ಹೊತ್ತು ಇಳಿದೊಡನೆ ಎಲುಬಿಗೆ ಹತ್ತುವ ಥಂಡಿ. ಮಂದಿಯೆಲ್ಲ ಮಾತಾಡುವ ದನಿ ತಗ್ಗಿಸಿದ್ದರು. ಯಾವ ಗುಡಿಸಲಿನಲ್ಲಿ ಯಾರಾದರೂ ಕೆಮ್ಮಿದರೂ ನಾಲ್ಕು ಕಡೆಯಿಂದ ತಲೆಗಳು ಹೊರಗೆ ಬರುತ್ತಿದ್ದವು. ಜ್ವರ ಬಂದವರನ್ನು ಹಳ್ಳದ ಆಚೆ ಬೇರೆ ಗುಡಿಸಲಿಗೆ ಹಾಕುತ್ತಿದ್ದರು. ಹಾಗೆ ಹೋದವರಲ್ಲಿ ಹನುಮವ್ವನೂ ಒಬ್ಬಳು. ಶನಿವಾರ ಹೊತ್ತೇರುವುದರೊಳಗೆ ಅವಳು ಸತ್ತಳು. ದ್ಯಾವಪ್ಪ ಒಬ್ಬನೇ ಕಂಬಳಿ ಹೊದ್ದು ಕೂತಿರುವುದು ನನ್ನ ಗುಡಿಸಲಿನ ಬಾಗಿಲಿನಿಂದ ಕಾಣುತ್ತಿತ್ತು. ನಾನು ತಟ್ಟಿ ಮುಚ್ಚಿ ಬೆನ್ನು ತಿರುಗಿಸಿ ಕೂತೆ.

ಭಾನುವಾರ ಏಳು ದಿನವಾಯಿತು. ಒಂದೇ ದಿನ ಉಳಿಯಿತು ಎಂದುಕೊಂಡೆ.

ಸೋಮವಾರ ಮಧ್ಯಾಹ್ನ, ನಾವು ದಿನಾ ಚಹಾಕ್ಕೆ ಹೋಗುತ್ತಿದ್ದ ಅದೇ ಹೊತ್ತಿಗೆ, ನೀಲವ್ವನ ಮೈ ಸುಟ್ಟಿತು. ಗೋಣಿತಟ್ಟಿನ ಮೇಲೆ ಮಲಗಿದವಳು ಎಬ್ಬಿಸಿದರೆ ಏಳಲಿಲ್ಲ. ಬಗಲು ನೋಡಿದೆ, ಏನೂ ಇರಲಿಲ್ಲ. ತೊಡೆಯ ಸಂದಿಗೆ ಕೈ ಇಟ್ಟೆ. ಎಡಗಡೆ ಒಂದು ಗಡ್ಡೆ. ಹುಣಸೆಬೀಜದಷ್ಟು. ಒತ್ತಿದರೆ ಅವಳು ನರಳಿದಳು.

ಹೊರಗೆ ಹೇಳಿದರೆ ಅವಳನ್ನು ಹಳ್ಳದ ಆಚೆ ಒಯ್ಯುತ್ತಾರೆ. ಹೇಳದಿದ್ದರೆ ಸುತ್ತಲಿನ ಗುಡಿಸಲುಗಳಲ್ಲಿ ಮಕ್ಕಳಿವೆ. ಎರಡನೆಯ ಸಲವೂ ನಾನು ಬಾಯಿ ಮುಚ್ಚಿಯೇ ಕೂತೆ. ತಟ್ಟಿಯನ್ನು ಒಳಗಿನಿಂದ ಹಗ್ಗ ಬಿಗಿದು ಕಟ್ಟಿದೆ. ಹುಲಿಹೈದರದಲ್ಲಿ ಅವಳ ತಾಯಿಗೆ ಏನು ಹೇಳಲಿ ಎಂಬುದೊಂದೇ ತಲೆಯಲ್ಲಿ ತಿರುಗುತ್ತಿತ್ತು. ಒದ್ದೆ ಬಟ್ಟೆ ಹಣೆಗೆ ಹಾಕುವುದು, ಒಣಗುವುದು, ಮತ್ತೆ ಹಾಕುವುದು.

ದೀಪ ಹಚ್ಚಿದ ಹೊತ್ತಿಗೆ ಹೊರಗೆ ದ್ಯಾವಪ್ಪನ ದನಿ ಕೇಳಿಸಿತು.

"ಮಾಸ್ತರ್ರ, ಅದೀರೇನ್ರಿ? ಒಂದು ಕಾಗದ ಬರ್ದು ಕೊಡಬೇಕಾಗಿತ್ತು. ಯಲಬುರ್ಗಿಯೊಳಗ ಅಕೀ ತಮ್ಮ ಅದಾನ."

ಸುಮ್ಮನಿದ್ದರೆ ಹೋದಾನೆಂದುಕೊಂಡೆ. ಅವನು ಹೋಗಲಿಲ್ಲ. ಹಗ್ಗ ಬಿಚ್ಚಿ ತಟ್ಟಿ ಸರಿಸಿದೆ. ಅವನು ಒಳಗೆ ಬರದೆ ಹೊಸ್ತಿಲ ಆಚೆಯೇ ಕೂತ. "ನಾ ಬ್ಯಾನಿ ಮನಿಯಾಂವ, ಒಳಗ ಬರಂಗಿಲ್ರಿ," ಎಂದ. ನಾನು ಮಗಳಿಗೆ ಅಡ್ಡವಾಗಿ ಕೂತು, ಹಾಳೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡೆ.

"ಬರೀರಿ," ಎಂದ ದ್ಯಾವಪ್ಪ. "ನಿಮ್ಮಕ್ಕ ಹನುಮವ್ವ ಶನಿವಾರ ಹೊತ್ತೇರೂದ್ರಾಗ ತೀರಿಕೊಂಡ್ಳು. ಬ್ಯಾನಿ ಎರಡ ದಿನ ಇತ್ತು. ಬಾಯಾಗ ನೀರ ಹಾಕೀನಿ. ಮಣ್ಣ ಮಾಡೀನಿ. ನೀ ಬರಬ್ಯಾಡ, ಇಲ್ಲಿ ಬರೂ ಹಂಗಿಲ್ಲ." ಮತ್ತೆ ಹೇಳಿದ: "ಊರು ಮೊದಲ ಬಿಡಬೇಕಾಗಿತ್ತು. ತಡಾ ಆತು. ಅಂತ ಬರೀರಿ."

ಬರೆದೆ. ತಡವಾಯಿತು ಎಂಬ ಐದು ಅಕ್ಷರಗಳನ್ನು ನನ್ನ ಕೈಯಿಂದಲೇ ಬರೆದೆ. ಮಕ್ಕಳಿಗೆ ಅಕ್ಷರ ತಿದ್ದಿಸುವ ಕೈ ಆ ಒಂದು ಮಾತಿನ ಮೇಲೆ ಶಾಯಿ ಚೆಲ್ಲಿತು.

ಹಿಂದಿನಿಂದ ನೀಲವ್ವ ನರಳಿದಳು. ದ್ಯಾವಪ್ಪ ಬಗ್ಗಿ ನೋಡಿದ.

"ಕೂಸಿಗೇನಾಗೇತಿ?"

ನನಗೆ ಅಳು ಬಂತು. ಅವನು ಕ್ಷಣ ನನ್ನನ್ನು ನೋಡಿ, ಹೊಸ್ತಿಲು ದಾಟಿ ಒಳಗೆ ಬಂದೇ ಬಿಟ್ಟ.

"ಎಲ್ಲಿ ಬ್ಯಾನಿ ಆಗತೈತಿ ಯವ್ವಾ?"

ನೀಲವ್ವ ಕಣ್ಣು ತೆರೆದಳು. ಅವನಿಗೆ ಉತ್ತರ ಕೊಡುವ ಮೊದಲು ನನ್ನ ಮುಖ ನೋಡಿದಳು.

"ಹೇಳವ್ವಾ, ಮುತ್ಯಾನ ಮುಂದ ಹೇಳು."

"ಹೇಳಿದ್ರ ಅಪ್ಪ ಸುಳ್ಳು ಅಂತಾನ," ಎಂದಳು, ಬಹಳ ಸಣ್ಣ ದನಿಯಲ್ಲಿ.

"ಅನ್ನಂಗಿಲ್ಲ. ನಾ ಅದೀನಲ್ಲ."

"ಕಾಲು."

ದ್ಯಾವಪ್ಪ ಅವಳ ಎಡಗಾಲನ್ನು ಬೆಳಕಿಗೆ ಹಿಡಿದ. ಹಿಮ್ಮಡಿ ಕೆಂಪಾಗಿ ಊದಿಕೊಂಡಿತ್ತು. ನಡುವೆ ಕರಿಯ ಚುಕ್ಕೆ, ಸುತ್ತ ಕೀವು.

"ಜಾಲಿಮುಳ್ಳು," ಎಂದ. "ಮೊನ್ನೆ ಶನಿವಾರನ ನಾ ನೋಡಿನ್ರಿ, ತುದಿಗಾಲ ಮ್ಯಾಲೆ ನಡೀತಿತ್ತು ಈ ಕೂಸು. ನೀವು ನೋಡಿದ್ದಿಲ್ಲೇನು?"

ತನ್ನ ಹೆಂಡತಿ ಸತ್ತ ದಿನ ಆ ಮುದುಕ ನನ್ನ ಮಗಳು ಕುಂಟುವುದನ್ನು ನೋಡಿದ್ದ. ಹಗಲೆಲ್ಲ ಅವಳ ಬಗಲು, ತೊಡೆಸಂದಿ ತಡಕುತ್ತಿದ್ದ ನಾನು ಅವಳ ಪಾದ ನೋಡಿರಲಿಲ್ಲ. ಮುಳ್ಳು ಮುರಿದು ಒಳಗೆ ಕೊಳೆತರೆ ಸಂದಿಯಲ್ಲಿ ಗಡ್ಡೆ ಏಳುತ್ತದೆ, ಜ್ವರವೂ ಬರುತ್ತದೆ ಎಂಬುದು ಒಕ್ಕಲಿಗರ ಮನೆಯ ನನಗೆ ಗೊತ್ತಿದ್ದದ್ದೇ. ಹೆದರಿಕೆ ಅದನ್ನೆಲ್ಲ ಒರೆಸಿ ಹಾಕಿತ್ತು.

ಅವನು ಸೊಂಟದ ಚೀಲದಿಂದ ಕಂಬಳಿ ಹೊಲಿಯುವ ದೊಡ್ಡ ಸೂಜಿ ತೆಗೆದು, ದೀಪದ ಕುಡಿಗೆ ಹಿಡಿದು, ಹಿಮ್ಮಡಿಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಮುಳ್ಳು ತೆಗೆದ. ನೀಲವ್ವ ಚೀರಿದಳು. ಕೀವು ಹರಿಯಿತು. ಅರಿಷಿಣ, ಎಣ್ಣೆ ಬಿಸಿ ಮಾಡಿ ಕಟ್ಟಿ, ಅವಳ ತಲೆ ಸವರಿ, ಕಾಗದವನ್ನು ಮಡಚಿ ರುಮಾಲಿನಲ್ಲಿ ಸಿಕ್ಕಿಸಿಕೊಂಡು ಎದ್ದ.

ಆಗ ಹೇಳಬೇಕಿತ್ತು. ಅವನು ತಟ್ಟಿ ಸರಿಸುವ ತನಕ ಸಮಯವಿತ್ತು. ನಾನು ಬಾಯಿ ತೆರೆದೆ. "ದೊಡ್ಡ ಉಪಕಾರ ಆತು ದ್ಯಾವಪ್ಪ," ಎಂದಷ್ಟೇ ಬಂತು.

ಮರುದಿನ ಜ್ವರ ಬಿಟ್ಟಿತು. ಎರಡು ದಿನಕ್ಕೆ ಗಡ್ಡೆ ಕರಗಿತು. ಅದೇ ವಾರ ಹುಲಿಹೈದರದಿಂದ ಗಂಡುಮಗು ಹುಟ್ಟಿತೆಂಬ ಸುದ್ದಿ ಬಂತು. ಮಂದಿ ನನ್ನ ಪುಣ್ಯ ದೊಡ್ಡದೆಂದರು. ಆದರೆ ನೀಲವ್ವ ಹೊಸ ರೂಢಿಯೊಂದನ್ನು ಕಲಿತಿದ್ದಳು. ಉಂಡೆಯಾ ಎಂದು ಯಾರು ಕೇಳಿದರೂ ಮೊದಲು ನನ್ನ ಮುಖ ನೋಡುತ್ತಿದ್ದಳು. ಏನು ಹೇಳಿದರೆ ನನಗೆ ಸರಿ ಬರುತ್ತದೆಂದು ಹುಡುಕಿ, ಆಮೇಲೆ ಉತ್ತರ ಕೊಡುತ್ತಿದ್ದಳು. ಆರು ವರ್ಷದ ಕೂಸು. ಎರಡು ತಿಂಗಳು ಆ ಗುಡಿಸಲಿನಲ್ಲಿ ನಾನು ಹೆದರಿದ್ದು ಬೇನೆಗಲ್ಲ, ಆ ನೋಟಕ್ಕೆ.

ಯುಗಾದಿ ಹತ್ತಿರ ಬಂದಾಗ ಊರು ಹೊಕ್ಕೆವು. ಗೋಡೆಗಳಿಗೆಲ್ಲ ಸುಣ್ಣ, ಓಣಿಯಲ್ಲಿ ಬೇವಿನ ಸೊಪ್ಪು ಸುಟ್ಟ ಹೊಗೆ. ಕೆಲವು ಮನೆಗಳ ಬಾಗಿಲು ತೆರೆಯಲಿಲ್ಲ. ಎರಡು ದಿನ ಬಿಟ್ಟು ಚನ್ನಪ್ಪ ಒಲೆ ಹಚ್ಚಿದ. ಸಾಲೆ ಬಿಟ್ಟ ಮೇಲೆ ನೀಲವ್ವನನ್ನು ಕರೆದುಕೊಂಡು ಹೋದೆ. ಅವಳು ನನ್ನ ಬೆರಳು ಜಗ್ಗಲಿಲ್ಲ, ಹಿಂದೆ ಹಿಂದೆ ಬಂದಳು. ಬಾಕುಗಳ ಮೇಲೆ ಏಳೆಂಟು ಜನ ಕೂತಿದ್ದರು. ದ್ಯಾವಪ್ಪನೂ ಇದ್ದ. ಚನ್ನಪ್ಪ ಬಹಳ ಇಳಿದು ಹೋಗಿದ್ದ. ಬಸಿಗೆ ಚಹಾ ಹುಯ್ದು, ಹಾಲು ಹಾಕಿ ಅವಳ ಕೈಗೆ ಕೊಟ್ಟ. ಅವಳು ಒಂದು ಗುಟುಕು ಕುಡಿದಳು.

"ಹೆಂಗಾಗೇತಿ ಚಾ? ಛಲೋ ಆಗೇತೇನವ್ವಾ?" ಎಂದು ಅವನು ಕೇಳಿದ.

ನೀಲವ್ವ ನನ್ನ ಮುಖ ನೋಡಿದಳು.

ನಾನು ಎದ್ದು ನಿಂತೆ. ನೌಕರಿ ಹೋಗಬಹುದು, ಊರು ಬಿಡಿಸಬಹುದು, ಜನ ಮೈಮೇಲೆ ಏರಿ ಬರಬಹುದು. ಎಲ್ಲವೂ ತಲೆಯಲ್ಲಿ ಹಾದು ಹೋದವು.

"ಎಲ್ಲಾರೂ ಕೇಳ್ರಿ," ಎಂದೆ. "ಅವತ್ತ ಈ ಅಂಗಡ್ಯಾಗ ಇಲಿ ಬಿದ್ದಿತ್ತು. ನನ್ನ ಕಣ್ಣ ಮುಂದ ಬಿದ್ದಿತ್ತು. ನನ್ನ ಮಗಳು ಖರೇ ಹೇಳಿದ್ಳು. ಸುಳ್ಳ ಹೇಳಿದಾಂವ ನಾನು."

ಚನ್ನಪ್ಪ ಒಲೆಯ ಮುಂದೆ ಕುಸಿದು ಕೂತು, "ನಾನ ಕಾಲ ಹಿಡದಿದ್ನಿರಿ, ನಂದು ತಪ್ಪು, ಮಾಸ್ತರದಲ್ಲ," ಎಂದು ಅತ್ತ. ಯಾರೋ ಒಬ್ಬ ಕಪ್ಪನ್ನು ನೆಲಕ್ಕೆ ಅಪ್ಪಳಿಸಿ ಎದ್ದು ಹೋದ. ಅವನ ತಮ್ಮನೂ ಆ ಬೇನೆಯಲ್ಲಿ ಹೋಗಿದ್ದ. ಉಳಿದವರು ದ್ಯಾವಪ್ಪನ ಕಡೆ ತಿರುಗಿದರು.

ಅವನು ತನ್ನ ಬಸಿಯನ್ನು ಬಾಕಿನ ಮೇಲಿಟ್ಟ. ಆಮೇಲೆ ಹೇಳಿದ:

"ನನಗ ಅವತ್ತ ಗೊತ್ತಾಗಿತ್ತು, ಮಾಸ್ತರ್ರ. ಸುಳ್ಳ ಹೇಳೂ ಕೂಸು ಹೊಡತ ತಿಂದು ಹಂಗ ನೋಡಂಗಿಲ್ಲ. ಆದ್ರ ಹನುಮಿಗೆ ಮನಿ ಬಿಡಾಕ ಮನಸಿರಲಿಲ್ಲ, ನನಗೂ ಇರಲಿಲ್ಲ. ಮಗ್ಗದ ಮ್ಯಾಲೆ ಅರ್ಧ ಕಂಬಳಿ ಇತ್ತು. ನೀವು ಇಲ್ಲ ಅಂದ್ರಿ. ಆ ಮಾತು ನಮಗ ಬೇಕಾಗಿತ್ತು."

ಅವನು ಚಹಾ ಮುಟ್ಟದೆ ಎದ್ದ. ಹೋಗುವಾಗ ನೀಲವ್ವನ ತಲೆಯ ಮೇಲೆ ಕೈ ಇಟ್ಟ. ನನ್ನ ಕಡೆ ನೋಡಲಿಲ್ಲ. ನಾನು ಕುಷ್ಟಗಿಯಲ್ಲಿ ಇನ್ನೂ ಮೂರು ವರ್ಷ ಇದ್ದೆ. ಓಣಿಯಲ್ಲಿ ಎದುರಾದರೆ ಅವಳನ್ನು ಮಾತಾಡಿಸುತ್ತಿದ್ದ, ನನ್ನೊಡನೆ ಮತ್ತೆ ಒಂದು ಮಾತೂ ಆಡಲಿಲ್ಲ. ಅವನು ಬಿಟ್ಟ ಜಾಗ ಬಾಕಿನ ಮೇಲೆ ಆ ದಿನ ಹಾಗೆಯೇ ಖಾಲಿ ಉಳಿಯಿತು.

ನಾನು ಕೂತೆ. ನೀಲವ್ವ ಬಸಿ ಹಿಡಿದುಕೊಂಡೇ ಇದ್ದಳು. ಸ್ವಲ್ಪ ಹೊತ್ತಿನ ಮೇಲೆ ಅವಳು ನನ್ನ ಕಡೆ ತಿರುಗದೆ, ನೇರವಾಗಿ ಒಲೆಯ ಮುಂದಿದ್ದ ಚನ್ನಪ್ಪನನ್ನು ನೋಡಿ ಹೇಳಿದಳು:

"ಕಾಕಾ, ಬೆಲ್ಲ ಕಡಿಮಿ ಆಗೇತಿ."